ಅರ್ಜಿದಾರರಿಗೆ ಅಭ್ಯಾಸಗಳಿವೆಯೇ?

ಕೆಟ್ಟ ಅಭ್ಯಾಸದಿಂದ ಹಾಳಾದವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಒಳ್ಳೆಯ ಅಭ್ಯಾಸದಿಂದ ಹಾಳಾದವರು ತಿಳಿದ ಮಟ್ಟಿಗೆ ಒಬ್ಬರೇ. ಅವರೇ ನಮ್ಮ ಸ್ಟೋರ್ ಸಾಹೇಬರು.

ಸಾಹೇಬರು ಎಂದ ತಕ್ಷಣ ದೊಡ್ಡ ಅಧಿಕಾರಿ ಎಂದುಕೊಳ್ಳಬೇಡಿ. ಬಸ್ಸು ರಿಪೇರಿ ಮಾಡುವ ಕಾರ್ಖಾನೆಯಲ್ಲಿ, ಬಿಡಿಭಾಗಗಳ ಉಗ್ರಾಣದ ಗುಮಾಸ್ತರಾಗಿ ಮೂವತ್ತಾರು ವರ್ಷ ದುಡಿದವರು. ನಟ್ಟು, ಬೋಲ್ಟು, ಬೇರಿಂಗು, ಬ್ರೇಕಿನ ಪಟ್ಟಿ ಎಲ್ಲದರ ಕಪಾಟಿಗೂ ಒಂದೊಂದು ಕಾರ್ಡು ತೂಗುಹಾಕಿ, ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಬರೆಯುವುದು ಅವರ ಕೆಲಸ. ಆ ಕೆಲಸ ಅವರಿಗೆ ಎರಡೇ ಎರಡು ಸಂಗತಿ ಕಲಿಸಿತ್ತು: ಕಾಲಂ ಖಾಲಿ ಬಿಡಬಾರದು, ಕಾಲಂನಲ್ಲಿ ಸುಳ್ಳು ಬರೆಯಬಾರದು. ಇಷ್ಟನ್ನು ಇಟ್ಟುಕೊಂಡು ಕಪಾಟುಗಳ ನಡುವೆ ಒಬ್ಬ ಮನುಷ್ಯ ಸುಖವಾಗಿ ಬಾಳಬಹುದು. ತೊಂದರೆ ಶುರುವಾಗುವುದು ಹೊರಗೆ ಬಂದಮೇಲೆ.

ನಿವೃತ್ತಿಯಾದ ವಾರವೇ ಸಾಹೇಬರು ಕ್ಲಿನಿಕ್ಕಿನ ಗೋಡೆಯ ಮೇಲೆ ‘ಸಣ್ಣ ಅಭ್ಯಾಸ, ದೊಡ್ಡ ಆರೋಗ್ಯ’ ಎಂಬ ಚಿತ್ರಪಟ ನೋಡಿದರು. ಬೇರೆಯವರು ಅದನ್ನು ನೋಡಿ ಆಕಳಿಸಿ ತಮ್ಮ ಸರದಿಗೆ ಕಾಯುತ್ತಾರೆ. ಇವರು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ಹತ್ತು ನಿಮಿಷ ದೀರ್ಘ ಉಸಿರು, ಊಟದ ಒಂದು ತುತ್ತಿಗೆ ಮೂವತ್ತೆರಡು ಸಲ ಅಗಿಯುವುದು, ಸಂಜೆ ಕಟ್ಟಡದ ಸುತ್ತ ನಾಲ್ಕು ಸುತ್ತು, ಮುಪ್ಪಿನಲ್ಲಿ ಬೀಳದಿರಲೆಂದು ಗೋಡೆಗೆ ಕೈಯಿಟ್ಟು ಒಂದು ಪಾದದ ಮುಂದೆ ಇನ್ನೊಂದು ಪಾದ ಜೋಡಿಸಿ ನಡೆಯುವುದು, ಹೀಗೆ ಒಟ್ಟು ಹನ್ನೊಂದು. ಆರು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಕಾರ್ಡು ತೂಗುಬಿದ್ದಿತ್ತು. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಸಿಕ್ಕವರನ್ನೆಲ್ಲ ನಿಲ್ಲಿಸಿ, “ನೀವು ಎಷ್ಟು ಇಟ್ಕೊಂಡಿದ್ದೀರಿ? ನಂದು ಹನ್ನೊಂದು” ಎಂದು ಕೇಳುವ ಚಟ ಹತ್ತಿತು. ಇದನ್ನೂ ಸೇರಿಸಿದರೆ ಹನ್ನೆರಡಾಗುತ್ತಿತ್ತು, ಅವರು ಸೇರಿಸಿರಲಿಲ್ಲ.

ಇಷ್ಟೆಲ್ಲ ಆರೋಗ್ಯ ಮನೆಯಲ್ಲಿ ಉಕ್ಕಿ ಹರಿಯುತ್ತಿರುವಾಗ ಕಾಯಿಲೆ ಬಿದ್ದದ್ದು ಹೆಂಡತಿ. ಅಂಗಡಿಯಿಂದ ಬರುವಾಗ ಎರಡನೆಯ ಮಹಡಿಯ ತಿರುವಿನಲ್ಲಿ ನಿಂತು, ಕಟಕಟೆ ಹಿಡಿದು ಉಸಿರು ಎಳೆದುಕೊಳ್ಳುತ್ತಿದ್ದರು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಎರಡು ಮೂರು ತಿಂಗಳೊಳಗೆ ಬದಲಾಯಿಸಬೇಕು ಎಂದರು ಡಾಕ್ಟರು. ಕವಾಟ ಎಂದ ಕೂಡಲೇ ಸಾಹೇಬರು, “ಅಳತೆ ಎಷ್ಟು ಡಾಕ್ಟ್ರೇ? ದಾಸ್ತಾನಿದೆಯಾ?” ಎಂದು ಕೇಳಿದರು. 

ಕೈಯಿಂದ ದುಡ್ಡು ಹಾಕಿ ಮಾಡಿಸುವಷ್ಟು ಅಗ್ಗದ ಆಪರೇಷನ್ ಅದಲ್ಲ. ಆದರೆ ನಿವೃತ್ತರಿಗೂ ಅವರ ಹೆಂಡಂದಿರಿಗೂ ಕಾರ್ಖಾನೆಯ ಆರೋಗ್ಯ ವಿಮೆ ಇತ್ತು. ಆ ವಿಮೆ ಅದೇ ತಿಂಗಳ ಮೂವತ್ತಕ್ಕೆ ಮುಗಿದು, ಒಂದನೇ ತಾರೀಖಿನಿಂದ ಬೇರೊಂದು ಕಂಪನಿಗೆ ಹೋಗುವುದಿತ್ತು. ಹಳೆಯ ಕಂಪನಿ ಹೊಸ ಆಪರೇಷನ್ ಒಪ್ಪುವುದನ್ನು ಆಗಲೇ ನಿಲ್ಲಿಸಿತ್ತು. ಸುತ್ತೋಲೆಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು: ಮೂವತ್ತರೊಳಗೆ ಅರ್ಜಿ ಮಂಜೂರಾದರೆ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ. ಒಂದು ದಿನ ತಡವಾದರೂ ಹೊಸ ಗಿರಾಕಿ ಎಂದು ಲೆಕ್ಕ, ಹಳೆಯ ಕಾಯಿಲೆಗೆ ಎರಡು ವರ್ಷ ಕಾಯಬೇಕು.

ಸಾಹೇಬರು ಐದನೇ ತಾರೀಖಿಗೇ ಮೇಜಿನ ಮುಂದೆ ಕುಳಿತು ಅರ್ಜಿ ತುಂಬಿದರು. ಹದಿನಾಲ್ಕನೆಯ ಪ್ರಶ್ನೆ ಬಂತು. ‘ಅರ್ಜಿದಾರರಿಗೆ ಅಭ್ಯಾಸಗಳಿವೆಯೇ?’

ಸಾಹೇಬರ ಮುಖ ಅರಳಿತು. “ನೋಡೇ, ಎಂಥಾ ಒಳ್ಳೆ ಕಂಪನಿ! ಯಾರೂ ಕೇಳಿರ್ಲಿಲ್ಲ ಇದನ್ನ.”

‘ಹೌದು’ ಎಂದು ಬರೆದರು. ದಿನಕ್ಕೆ ಎಷ್ಟು? ‘ಹನ್ನೊಂದು.’ ಎಷ್ಟು ಕಾಲದಿಂದ? ‘ಆರು ವರ್ಷ, ಒಂದು ದಿನವೂ ಬಿಡದೆ.’ ಬಿಡಲು ಎಂದಾದರೂ ಪ್ರಯತ್ನಿಸಿದ್ದೀರಾ? ಇಲ್ಲಿ ಸಾಹೇಬರು ಒಂದು ಕ್ಷಣ ತಡೆದರು. ಕಂಪನಿ ತಮ್ಮ ನಿಷ್ಠೆಯನ್ನು ಪರೀಕ್ಷಿಸುತ್ತಿದೆ ಎನ್ನಿಸಿತು. ‘ಪ್ರಾಣ ಹೋದರೂ ಬಿಡುವ ಪ್ರಶ್ನೆಯೇ ಇಲ್ಲ’ ಎಂದು ಬರೆದು ಅಡಿಗೆರೆ ಎಳೆದರು.

ಹೆಂಡತಿ ಭುಜದ ಮೇಲಿನಿಂದ ಬಗ್ಗಿ ನೋಡಿದರು. “ರೀ, ಅವರು ಬೇರೆ ಏನೋ ಕೇಳ್ತಿರೋ ಹಾಗಿದೆ ಕಣ್ರೀ. ‘ಇಲ್ಲ’ ಅಂತ ಬರೆದುಬಿಡಿ.”

“ಇರೋದನ್ನ ಇಲ್ಲ ಅಂತ ಬರೆಯೋದಾ? ಮೂವತ್ತಾರು ವರ್ಷದಲ್ಲಿ ಒಂದು ವಾಷರ್ ಲೆಕ್ಕ ತಪ್ಪಿಲ್ಲ ನಾನು!”

ಹೆಂಡತಿಗೆ ವಾದ ಮಾಡುವಷ್ಟು ಉಸಿರಿರಲಿಲ್ಲ. ಹೋಗಿ ಕುಳಿತುಕೊಂಡರು.

ಐದು ದಿನ ಕಳೆದು ಕಂಪನಿಯ ಪರಿಶೀಲಕ ಬಂದ. ಕೈಯಲ್ಲಿ ಚರ್ಮದ ಚೀಲ, ಮುಖದಲ್ಲಿ ಸಾವಿನ ಮನೆಗೆ ಬಂದವನ ಗಾಂಭೀರ್ಯ. ಅವನು ಸಾಹೇಬರ ಮನೆಗೆ ಬರಲಿಲ್ಲ, ಕೆಳಮನೆಯಾಕೆಯ ಬಾಗಿಲು ತಟ್ಟಿದ. ಅಲ್ಲಿ ನಡೆದ ಮಾತನ್ನು ಆಮೇಲೆ ಆಕೆಯೇ ಮೇಲೆ ಬಂದು, ಉಪಕಾರ ಮಾಡಿದವರ ಹೆಮ್ಮೆಯಿಂದ, ಒಂದಕ್ಷರ ಬಿಡದೆ ಒಪ್ಪಿಸಿದರು.

“ಮೇಲ್ಗಡೆಯವ್ರಿಗೆ ಅಭ್ಯಾಸ ಇದೆಯಂತಲ್ಲಮ್ಮ, ನಿಜಾನಾ?” ಎಂದು ಅವನು ದನಿ ತಗ್ಗಿಸಿ ಕೇಳಿದನಂತೆ.

“ಅಯ್ಯೋ, ಇಡೀ ಬಿಲ್ಡಿಂಗಿಗೇ ಗೊತ್ತಲ್ಲಪ್ಪ! ಬೆಳಿಗ್ಗೆ ಐದಕ್ಕೇ ಶುರು. ಎದ್ದು ಬಾಯಿ ತೊಳೆದ ತಕ್ಷಣ ಎರಡು ಲೋಟ ಇಳಿಸ್ತಾರೆ.”

“ಐದಕ್ಕೇ?”

“ಮತ್ತೆ! ಅದಿಲ್ದೆ ದಿನ ಶುರುವಾಗಲ್ಲ ಅಂತಾರೆ. ನಮ್ಮನೆಯವ್ರನ್ನೂ ಬಿಡ್ಲಿಲ್ಲ. ಮೊದ್ಲು ಸ್ವಲ್ಪ ತಲೆ ಸುತ್ತುತ್ತೆ, ಆಮೇಲೆ ಒಗ್ಗುತ್ತೆ ಅಂತ ಜುಲುಮೆ ಮಾಡಿ ಕೂರಿಸ್ಕೊಂಡ್ರು. ಇವ್ರು ಮೂರು ದಿನಕ್ಕೇ ಸುಸ್ತಾಗಿ ಬಿಟ್ಟುಬಿಟ್ರು. ಎಲ್ರಿಗೂ ಆ ಶಕ್ತಿ ಎಲ್ಲಿರುತ್ತೆ?”

ಅಲ್ಲಿಂದ ಪರಿಶೀಲಕ ಗೇಟಿನ ಕಾವಲುಗಾರನ ಹತ್ತಿರ ಹೋದ. ಕಾವಲುಗಾರನಿಗೆ ಸಾಹೇಬರ ಮೇಲೆ ಬಹಳ ಗೌರವ. “ಸಂಜೆ ಆರಕ್ಕೆ ಇಳೀತಾರೆ ಸಾರ್. ನಾಲ್ಕು ರೌಂಡ್ ಆಗೋವರೆಗೂ ಯಾರು ಮಾತಾಡ್ಸಿದ್ರೂ ನಿಲ್ಲಲ್ಲ. ಆಮೇಲೆ ಗೋಡೆ ಹಿಡ್ಕೊಂಡು ಒಂದೊಂದೇ ಹೆಜ್ಜೆ ಇಟ್ಕೊಂಡು ಮೇಲೆ ಹೋಗ್ತಾರೆ. ಆದ್ರೆ ದೇವರಂಥ ಮನುಷ್ಯ ಸಾರ್, ಒಂದಿನಾನೂ ಗಲಾಟೆ ಮಾಡಿಲ್ಲ.”

ಪರಿಶೀಲಕ ಎರಡು ಹಾಳೆ ಬರೆದುಕೊಂಡು, ಹೋಗುವಾಗ ಮೇಲಿನ ಕಿಟಕಿಯತ್ತ ನೋಡಿ ತಲೆ ಅಲ್ಲಾಡಿಸಿದನಂತೆ. “ನಿಮ್ಮ ಬಗ್ಗೆ ಎಲ್ರೂ ಒಳ್ಳೇದೇ ಹೇಳಿದೀವಿ” ಎಂದು ಕೆಳಮನೆಯಾಕೆ ಮಾತು ಮುಗಿಸಿದರು. ಸಾಹೇಬರು ಕೈಮುಗಿದರು.

ಹದಿನಾಲ್ಕನೇ ತಾರೀಖು ಪತ್ರ ಬಂತು. ‘ತಾವೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿರುವ ಹಾಗೂ ನೆರೆಹೊರೆಯವರು ದೃಢಪಡಿಸಿರುವ ಹನ್ನೊಂದು ವ್ಯಸನಗಳ ಹಿನ್ನೆಲೆಯಲ್ಲಿ, ಮಾನ್ಯತೆ ಪಡೆದ ವ್ಯಸನಮುಕ್ತಿ ಕೇಂದ್ರದ ಪ್ರಮಾಣಪತ್ರ ಸಲ್ಲಿಸುವವರೆಗೆ ತಮ್ಮ ಹಾಗೂ ತಮ್ಮ ಪತ್ನಿಯ ಅರ್ಜಿಯನ್ನು ತಡೆಹಿಡಿಯಲಾಗಿದೆ.’

ಸಾಹೇಬರು ಪತ್ರವನ್ನು ಮೂರು ಸಲ ಓದಿದರು. ನಾಲ್ಕನೆಯ ಸಲ ಓದುವಷ್ಟರಲ್ಲಿ ಮಗಳು ಧಾವಿಸಿ ಬಂದಳು. ತುರ್ತು ಸಂಪರ್ಕದ ಕಾಲಂನಲ್ಲಿ ಅವಳ ನಂಬರಿತ್ತು. ಕಂಪನಿ ಅವಳಿಗೆ ಫೋನು ಮಾಡಿ ಧೈರ್ಯ ಹೇಳಿತ್ತು. ಹಿಂದೆಯೇ ಅಳಿಯ, ತಲೆ ತಗ್ಗಿಸಿಕೊಂಡು.

“ಅಪ್ಪಾ, ಹನ್ನೊಂದಾ?” ಎಂದು ಮಗಳು ಗೋಳೋ ಎಂದು ಅತ್ತಳು. “ಒಂದೋ ಎರಡೋ ಆಗಿದ್ರೆ ಹೇಗೋ ತಡ್ಕೊಳ್ತಿದ್ದೆ!”

“ಏ ಹುಚ್ಚಿ, ಅದು ಬಿಸಿನೀರು ಕಣೇ!”

“ನಮ್ಮ ದೊಡ್ಡಪ್ಪನೂ ಹಾಗೇ ಅಂತಿದ್ರು ಮಾವ, ಬರೀ ನೀರು ಅಂತ” ಎಂದ ಅಳಿಯ, ಬಹಳ ನೊಂದ ದನಿಯಲ್ಲಿ. ಇಬ್ಬರಿಗೂ ವಿಷಯ ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಮಗಳು ನಂಬಿದಳು. ಅಳಿಯ ನಂಬಿದಂತೆ ಕಂಡ, ಆದರೆ ಏಳುವಾಗ ಮೇಜಿನ ಮೇಲಿದ್ದ ಲೋಟವನ್ನು ಎತ್ತಿ ಮೂಸಿ ನೋಡಿದ.

ಹದಿನಾರಕ್ಕೆ ಸಾಹೇಬರು ಕಂಪನಿಯ ಶಾಖೆಗೆ ಹೋದರು. ಗಾಜಿನ ಹಿಂದೆ ಕುಳಿತಿದ್ದಾಕೆ ಒಳ್ಳೆಯ ಹೆಂಗಸು, ಸಮಾಧಾನದಿಂದ ಕೇಳಿದಳು.

“ಅದು ಬಿಸಿನೀರಮ್ಮ. ಬೆಳಿಗ್ಗೆ ಎರಡು ಲೋಟ.”

“ಬಿಸಿನೀರಲ್ಲಿ ಬೆರೆಸ್ಕೊಂಡಾ ಸಾರ್?”

“ಏನೂ ಬೆರೆಸಲ್ಲ! ಹಾಗೇ!”

“ಬೆರೆಸದೆ ಹಾಗೇ ತಗೊಂಡ್ರೆ ಇನ್ನೂ ಅಪಾಯ ಸಾರ್.”

ಸಾಹೇಬರು ಹಣೆ ಚಚ್ಚಿಕೊಂಡು ಹನ್ನೊಂದನ್ನೂ ಬಿಡಿಸಿ ಹೇಳಿದರು. ಕೊನೆಗೆ ಆಕೆಗೆ ಅರ್ಥವಾಯಿತು, ನಕ್ಕೂ ಬಿಟ್ಟಳು. ಆಮೇಲೆ ಕಂಪ್ಯೂಟರಿನ ಪರದೆ ನೋಡಿ ಅವಳ ನಗು ಇಳಿಯಿತು. “ಆದ್ರೆ ‘ಹೌದು’ ಅನ್ನೋದನ್ನ ‘ಇಲ್ಲ’ ಮಾಡೋಕೆ ಇದರಲ್ಲಿ ಬಟನ್ನೇ ಇಲ್ಲ ಸಾರ್. ‘ಹೌದು, ಈಗ ಬಿಟ್ಟಿದ್ದಾರೆ’ ಅಂತ ಮಾಡೋಕೆ ಇದೆ.”

“ಹಾಗಾದ್ರೆ ಬಿಡೋದಕ್ಕೋಸ್ಕರ ನಾನು ಈಗ ಶುರು ಮಾಡ್ಬೇಕಾ?”

“ಅದು ನಿಮ್ಮಿಷ್ಟ ಸಾರ್. ಬಿಟ್ಟಿರೋ ಪ್ರಮಾಣಪತ್ರ ಮಾತ್ರ ಮೂವತ್ತರೊಳಗೆ ಬೇಕು.”

ಹದಿನೇಳರ ಬೆಳಿಗ್ಗೆ ಸಾಹೇಬರು ವ್ಯಸನಮುಕ್ತಿ ಕೇಂದ್ರದ ಮೆಟ್ಟಿಲು ಹತ್ತಿದರು. ಉದ್ದ ಕೋಣೆ, ವೃತ್ತಾಕಾರವಾಗಿ ಹಾಕಿದ ಹತ್ತು ಕುರ್ಚಿ, ಗೋಡೆಯ ಮೇಲೆ ದಿನಚರಿ. ದಿನಚರಿ ಓದಿ ಸಾಹೇಬರು ದಂಗಾದರು. ಬೆಳಿಗ್ಗೆ ಬಿಸಿನೀರು, ದೀರ್ಘ ಉಸಿರು, ನಿಧಾನವಾಗಿ ಅಗಿದು ಊಟ, ಸಂಜೆ ನಡಿಗೆ. ತಾವು ಬಿಡಬೇಕಾದದ್ದನ್ನೇ ಅಲ್ಲಿ ಬೇರೆಯವರಿಗೆ ಚಟ ಬಿಡಿಸುವುದಕ್ಕಾಗಿ ಕಲಿಸುತ್ತಿದ್ದರು. ಮೊದಲ ಗಂಟೆಯಲ್ಲೇ ಮೇಲ್ವಿಚಾರಕಿ ಉಳಿದವರಿಗೆ ಅವರನ್ನು ತೋರಿಸಿ, “ನೋಡಿ, ಇವ್ರು ಹೊಸಬರು. ಎಷ್ಟು ಚೆನ್ನಾಗಿ ಉಸಿರಾಡ್ತಾರೆ!” ಎಂದು ಹೊಗಳಿದರು.

ಮಧ್ಯಾಹ್ನದ ಹೊತ್ತಿಗೆ ಹೊಗಳಿಕೆ ನಿಂತುಹೋಯಿತು. ಅಲ್ಲಿಯ ನಿಯಮ ಏನೆಂದರೆ, ಪ್ರತಿಯೊಬ್ಬನೂ ಎದ್ದು ನಿಂತು ತನ್ನ ಚಟವನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ದಿನವೇ ಮೊದಲನೆಯ ದಿನ. ಅಲ್ಲಿಂದ ಏಳು ದಿನ ಎಣಿಸಿ ಪ್ರಮಾಣಪತ್ರ. ಸಾಹೇಬರು ಎದ್ದು ನಿಂತು, “ನನಗೆ ಯಾವ ಚಟವೂ ಇಲ್ಲ” ಎಂದರು.

ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೇ ತಲೆದೂಗಿದರು. ಎಲ್ಲರೂ ಮೊದಲ ದಿನ ಅದನ್ನೇ ಹೇಳಿದ್ದರು.

ಎರಡನೆಯ ದಿನವೂ ಇಲ್ಲ ಎಂದರು, ಮೂರನೆಯ ದಿನವೂ ಇಲ್ಲ ಎಂದರು. ಮೇಲ್ವಿಚಾರಕಿ ತಮ್ಮ ಪುಸ್ತಕದಲ್ಲಿ ‘ನಿರಾಕರಣೆ ಗಟ್ಟಿ’ ಎಂದು ಬರೆದರು. ಪಕ್ಕದ ಕುರ್ಚಿಯಲ್ಲಿ ಒಬ್ಬ ಹಳೆಯ ಬಸ್ ಡ್ರೈವರ್ ಇದ್ದ, ಕಾರ್ಖಾನೆಯ ಕಾಲದ ಪರಿಚಯ. ಅವನಿಗೆ ಸಾಹೇಬರನ್ನು ಅಲ್ಲಿ ನೋಡಿ ಕಣ್ಣಲ್ಲಿ ನೀರೇ ಬಂದಿತ್ತು. “ಸ್ಟೋರ್ ಸಾಹೇಬ್ರೇ, ನೀವೂನಾ! ಅಷ್ಟು ವರ್ಷ ಕೌಂಟರಲ್ಲಿ ಎದುರೆದುರು ನಿಂತಿದೀವಿ, ಒಂದಿನ ವಾಸನೆ ಹೊಡೀಲಿಲ್ವಲ್ಲ! ಏನ್ ಹಾಕ್ಕೋತಿದ್ರಿ ಬಾಯಿಗೆ?”

ನಾಲ್ಕನೆಯ ಸಂಜೆ ಸಾಹೇಬರು ಮನೆಗೆ ಬಂದಾಗ ಹೆಂಡತಿ ಮೊದಲ ಮಹಡಿಯ ತಿರುವಿನಲ್ಲೇ ಮೆಟ್ಟಿಲ ಮೇಲೆ ಕುಳಿತಿದ್ದರು. ಮೊದಲೆಲ್ಲ ಎರಡನೆಯ ಮಹಡಿಯವರೆಗೆ ಬರುತ್ತಿದ್ದರು. ಪಕ್ಕದಲ್ಲಿ ತರಕಾರಿಯ ಚೀಲ. ಸಾಹೇಬರೂ ಪಕ್ಕದಲ್ಲಿ ಕುಳಿತರು.

“ಇವತ್ತೂ ಒಪ್ಕೊಳ್ಳಿಲ್ವಾ?”

“ಹೇಗೆ ಒಪ್ಕೊಳ್ಳಲೇ? ಮಾಡದೆ ಇರೋದನ್ನ?”

ಹೆಂಡತಿ ಉಸಿರು ಕೂಡಿಸಿಕೊಂಡರು. “ನೀವು ಒಳ್ಳೆಯವರು ಅಂತ ನಂಗೊತ್ತು. ನಲವತ್ತು ವರ್ಷದಿಂದ ಗೊತ್ತು. ಅದು ಆ ಕೇಂದ್ರದವ್ರಿಗೂ ಗೊತ್ತಾಗ್ಲೇಬೇಕಾ?”

ಸಾಹೇಬರಿಗೆ ಕಪಾಳಕ್ಕೆ ಹೊಡೆದಂತಾಯಿತು. ನಾಲ್ಕು ದಿನ ತಾವು ಕಾಪಾಡುತ್ತಿದ್ದದ್ದು ಸತ್ಯವನ್ನಲ್ಲ, ಸ್ವಂತ ಮಾನವನ್ನು ಎಂದು ಆಗ ಹೊಳೆದು, ಬಹಳ ನಾಚಿಕೆಯಾಯಿತು. ಚೀಲ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಹೆಂಡತಿಯನ್ನು ಹಿಡಿದುಕೊಂಡು ಮೇಲೆ ಹತ್ತಿದರು.

ಮರುದಿನ ಇಪ್ಪತ್ತೊಂದು. ಇಂದು ಒಪ್ಪಿಕೊಂಡರೆ ಇಪ್ಪತ್ತೇಳಕ್ಕೆ ಪ್ರಮಾಣಪತ್ರ, ಮೂರು ದಿನ ಕೈಯಲ್ಲಿ. ಸಾಹೇಬರು ಚಹಾದ ಬಿಡುವಿನಲ್ಲಿ ಡ್ರೈವರನ ಕೈ ಹಿಡಿದುಕೊಂಡರು. “ನೋಡಪ್ಪ, ನಂಗೆ ಹೇಳೋಕೆ ಬರಲ್ಲ. ಕಲಿಸಿಕೊಡು.”

ಡ್ರೈವರ್ ಮನಸ್ಸಿಟ್ಟು ಕಲಿಸಿದ. “ತಲೆ ತಗ್ಗಿಸ್ಬೇಕು. ಹೆಂಡ್ತಿ ಮಕ್ಕಳ ಹೆಸರೆತ್ತಬೇಕು. ಮಧ್ಯೆ ಒಂದ್ಸಲ ಗಂಟಲು ಕಟ್ಟಬೇಕು. ಜಾಸ್ತಿ ಬೇಡ ಸಾಹೇಬ್ರೇ, ಅಳತೆ ಇರ್ಲಿ.”

ಈ ಕೊನೆಯ ಮಾತನ್ನು ಸಾಹೇಬರು ಕೇಳಿಸಿಕೊಳ್ಳಬೇಕಾಗಿತ್ತು. ಆದರೆ ಜೀವಮಾನದಲ್ಲಿ ಮೊದಲ ಸುಳ್ಳು ಹೇಳಲು ಹೊರಟ ಮನುಷ್ಯನಿಗೆ ಸುಳ್ಳಿನ ಅಳತೆ ಎಲ್ಲಿಂದ ತಿಳಿಯಬೇಕು? ಎದ್ದು ನಿಂತರು, ಬಾಯಿ ತೆರೆದರು, ಅಷ್ಟೆ. ಐದು ಗಂಟೆಗೇ ಏಳುತ್ತಿದ್ದೆ ಎಂದರು. ಎರಡು ಲೋಟ ಸಾಲುತ್ತಿರಲಿಲ್ಲ ಎಂದರು. ಬ್ರೇಕಿನ ಎಣ್ಣೆಯ ಡಬ್ಬದಲ್ಲಿ ಬಚ್ಚಿಟ್ಟು ಕುಡಿದೆ ಎಂದರು. “ಹೆಂಡ್ತಿ ಮೆಟ್ಟಿಲ ಮೇಲೆ ಉಸಿರಿಲ್ದೆ ಕೂತಿದ್ಳು. ನಾನು ನನ್ನ ಹನ್ನೊಂದನ್ನೇ ಎಣಿಸ್ತಿದ್ದೆ” ಎಂದಾಗ ಸಾಹೇಬರ ಗಂಟಲು ನಿಜವಾಗಿಯೂ ಕಟ್ಟಿತು. ಆಮೇಲೆ ಅವರು ಅತ್ತದ್ದು ಯಾರೂ ಕಲಿಸಿದ್ದಲ್ಲ. ಡ್ರೈವರ್ ಅತ್ತ, ಆಚೆ ಕುರ್ಚಿಯ ದರ್ಜಿ ಅತ್ತ, ಮೇಲ್ವಿಚಾರಕಿ ಕನ್ನಡಕ ತೆಗೆದು ಒರೆಸಿಕೊಂಡರು.

“ಹದಿನೈದು ವರ್ಷದಲ್ಲಿ ಇಂಥಾ ತಪ್ಪೊಪ್ಪಿಗೆ ನಾನು ಕೇಳಿಲ್ಲ” ಎಂದರು ಮೇಲ್ವಿಚಾರಕಿ. “ನಿಮ್ಮದು ಸಾಮಾನ್ಯ ಕೇಸಲ್ಲ, ತೀವ್ರ ದರ್ಜೆ. ಏಳು ದಿನಕ್ಕೆ ಕಳಿಸಿದ್ರೆ ನನ್ನ ಮನಸ್ಸೊಪ್ಪಲ್ಲ. ಹತ್ತು ದಿನ ಬನ್ನಿ.”

ಸಾಹೇಬರು ಕೂತ ಕುರ್ಚಿಯಲ್ಲೇ ಬೆರಳು ಮಡಚಿ ಎಣಿಸಿದರು. ಹತ್ತನೆಯ ಬೆರಳಿಗೆ ಮೂವತ್ತನೇ ತಾರೀಖು ಬಂತು. “ಮೇಡಂ, ಅಷ್ಟೇನೂ ಕುಡಿದಿಲ್ಲ, ಸ್ವಲ್ಪ ಹೆಚ್ಚಿಗೆ ಹೇಳ್ದೆ!” ಎಂದು ಅಂಗಲಾಚಿದರು. ಮೇಲ್ವಿಚಾರಕಿ ಕರುಣೆಯಿಂದ ನಕ್ಕು, ಪುಸ್ತಕದಲ್ಲಿ ‘ಮತ್ತೆ ನಿರಾಕರಣೆ’ ಎಂದು ಬರೆದರು. ಇನ್ನೊಂದು ಮಾತಾಡಿದರೆ ಹದಿನಾಲ್ಕು ದಿನವಾಗುವ ಲಕ್ಷಣ ಕಂಡು ಸಾಹೇಬರು ಬಾಯಿ ಮುಚ್ಚಿದರು.

ಮೂವತ್ತರ ಸಂಜೆ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಪ್ರಮಾಣಪತ್ರ ಕೈಗೆ ಬಂತು. ಚಪ್ಪಾಳೆ ತಟ್ಟದೆ ಯಾರನ್ನೂ ಕಳಿಸುವ ಪದ್ಧತಿ ಅಲ್ಲಿರಲಿಲ್ಲ. ಚಪ್ಪಾಳೆ ಮುಗಿದು, ಡ್ರೈವರ್ ತಬ್ಬಿಕೊಂಡು ಬಿಟ್ಟಮೇಲೆ ಸಾಹೇಬರು ಬೀದಿಗಿಳಿದು ಓಡಿದರು. ಆರು ವರ್ಷ ಮೈಯನ್ನು ಸಾಕಿದ್ದಕ್ಕೆ ಅದು ಚೆನ್ನಾಗಿಯೇ ಓಡಿತು, ಒಂದು ಸಲವೂ ಏದುಸಿರು ಬರಲಿಲ್ಲ. ಶಾಖೆ ಮುಟ್ಟಿದಾಗ ನಾಲ್ಕೂ ಕಾಲು. ಕಬ್ಬಿಣದ ಬಾಗಿಲು ಎಳೆದಿತ್ತು. ಸಾಹೇಬರು ಎರಡೂ ಕೈಯಿಂದ ಬಡಿದರು. ಎದುರಿನ ಕ್ಷೌರದಂಗಡಿಯವನು ಹೊರಗೆ ಬಂದು, “ನಾಲ್ಕಕ್ಕೇ ಹೋಗ್ತಾರೆ ಯಜಮಾನ್ರೇ, ನಾಳೆ ಬನ್ನಿ” ಎಂದ.

ನಾಳೆ ಹೋದರು. ಗಾಜಿನ ಹಿಂದಿನಾಕೆ ಪ್ರಮಾಣಪತ್ರ ನೋಡಿ ಖುಷಿಪಟ್ಟು ಕಂಪ್ಯೂಟರಿಗೆ ಏರಿಸಿದಳು. “ತಾರೀಖು ನಾನು ಹಾಕಲ್ಲ ಸಾರ್, ಇದೇ ಹಾಕ್ಕೊಳ್ಳುತ್ತೆ” ಎಂದು ಪರದೆಯನ್ನು ಅವರತ್ತ ತಿರುಗಿಸಿದಳು. ಅದರಲ್ಲಿ ಎಲ್ಲ ಕಾಲಂಗಳೂ ಭರ್ತಿಯಾಗಿದ್ದವು. ಅಭ್ಯಾಸ: ಹೌದು, ಬಿಟ್ಟಿದ್ದಾರೆ. ಅರ್ಜಿ: ಮಂಜೂರು. ಪತ್ನಿ: ಮಂಜೂರು. ಹೃದಯದ ಕಾಯಿಲೆ: ಎರಡು ವರ್ಷ ಕಾಯತಕ್ಕದ್ದು.

ಅಲ್ಲಿಂದ ನೇರ ದೊಡ್ಡಾಸ್ಪತ್ರೆಗೆ ಹೋಗಿ, ಪುಕ್ಕಟೆ ಆಪರೇಷನ್ನಿನ ಸರದಿಯಲ್ಲಿ ಹೆಂಡತಿಯ ಹೆಸರು ಬರೆಸಿದರು. ಅವರಿಗಿಂತ ಮುಂದೆ ನಾನೂರ ಹನ್ನೆರಡು ಜನರಿದ್ದರು. ಯಾವಾಗ ಕರೆಯುತ್ತೀರಿ ಎಂದು ಕೇಳಿದ್ದಕ್ಕೆ ಅಲ್ಲಿದ್ದವನು ತಲೆಯೆತ್ತದೆ, “ಕರೀತೀವಿ” ಎಂದ.

ಮನೆಗೆ ಬಂದು ಹೇಳಿದರು. ತಿರುಚಿ ಹೇಳಲು ಅವರಿಗೆ ಬರುತ್ತಿರಲಿಲ್ಲ, ಕಲಿತ ಒಂದು ಸುಳ್ಳೂ ಉಪಯೋಗಕ್ಕೆ ಬಂದಿರಲಿಲ್ಲ. “ನಾನೇ ಮಾಡ್ದೆ ಕಣೇ. ನೀನು ಹೇಳ್ದೆ, ‘ಇಲ್ಲ’ ಅಂತ ಬರೀರಿ ಅಂತ. ನಾನೇ ಕೇಳಲಿಲ್ಲ.” ಕುರ್ಚಿಯ ಮೇಲೆ ಕುಳಿತು ಎಳೆ ಮಗುವಿನ ಹಾಗೆ ಅತ್ತರು.

ಹೆಂಡತಿಗೆ ಸಿಟ್ಟಿತ್ತು, ಅದನ್ನು ಆಡಿ ತೋರಿಸುವಷ್ಟು ಉಸಿರು ಖರ್ಚು ಮಾಡುವುದು ಬೇಡವೆನ್ನಿಸಿರಬೇಕು. “ಅಳಬೇಡಿ. ಎರಡು ವರ್ಷ ತಾನೆ? ಬದುಕಿರೋದನ್ನೇ ಒಂದು ಅಭ್ಯಾಸ ಮಾಡ್ಕೊಂಡ್ರಾಯ್ತು” ಎಂದರು. ಸಾಹೇಬರಿಗೆ ನಗುವೂ ಬಂತು, ಆದರೆ ಅದು ಬಾಯಿಯ ತನಕ ಬಂದು ಮುರಿದುಹೋಯಿತು.

ಈಗಲೂ ಸಾಹೇಬರಿಗೆ ಐದಕ್ಕೇ ಎಚ್ಚರವಾಗುತ್ತದೆ. ಆದರೆ ಏಳುವುದಿಲ್ಲ. ಬಿಸಿನೀರಿಗೂ ಹೋಗುವುದಿಲ್ಲ. ತಮ್ಮ ಉಸಿರನ್ನು ಬಿಗಿಹಿಡಿದು, ಕತ್ತಲಲ್ಲಿ ಪಕ್ಕದ ದಿಂಬಿನ ಕಡೆಗೆ ಕಿವಿಗೊಟ್ಟು ಮಲಗಿರುತ್ತಾರೆ. ಒಂದೊಂದು ದಿನ ಏನೂ ಕೇಳಿಸುವುದಿಲ್ಲ. ಆಗ ಮೆಲ್ಲಗೆ ಒಂದು ಕೈ ಮುಂದೆ ಚಾಚುತ್ತಾರೆ.

“ಇದ್ದೀನಿ, ಮಲಗಿ” ಎನ್ನುತ್ತಾರೆ ಹೆಂಡತಿ.